ಕಾಳ್ಗಿಚ್ಚು: ಹೂಮಳೆ ಬೀಳುವತನಕ ಕಾವಲು

ರೊಬಸ್ಟಾ ಕುಯ್ಲು ಭರದಿಂದ ಸಾಗಿರುವ ದಿನಗಳೇ ಕಾಡಿಗೆ ಬೆಂಕಿ ಬೀಳುವ ದಿನಗಳು. ಆಳುಗಳೆಲ್ಲ ಹಣ್ಣು ಕೊಯ್ಯುವುದರಲ್ಲಿ, ನಾವು ಕಣದಲ್ಲಿ. ಗುಡ್ಡದ ಕಡೆ ತಲೆಯೆತ್ತಿ ನೋಡುವವರು ಯಾರು? ಹೊಗೆ ಕಂಡ ಮೇಲೆ ಓಡಿದರೆ ಅನೇಕ ವೇಳೆ ತಡವಾಗಿರುತ್ತದೆ.

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಬೆಳೆಗಾರ ಬಾಂಧವರಿಗೆ ನೆನಪಿದ್ದೀತು. ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿದಾಗ ಸುಟ್ಟದ್ದು ಸುಮಾರು 10,900 ಎಕರೆ. ವಾಯುಪಡೆಯ ಹೆಲಿಕಾಪ್ಟರುಗಳು ಆಕಾಶದಿಂದ ನೀರು ಸುರಿದವು. ಪತ್ರಿಕೆಗಳಲ್ಲಿ ಅದರ ಚಿತ್ರವೇ ಚಿತ್ರ. ನೆಲದ ಮೇಲೆ ನಿಂತು ಹಸಿಸೊಪ್ಪಿನ ಕೊಂಬೆಯಿಂದ ಬೆಂಕಿ ಬಡಿದವರು ಮಾತ್ರ ಇಲಾಖೆಯ ಸಿಬ್ಬಂದಿ ಮತ್ತು ಸ್ವಯಂಸೇವಕರು. ಅದಕ್ಕೆ ಎರಡು ವರ್ಷ ಮೊದಲು, 2017ರಲ್ಲಿ, ಅದೇ ಕಾಡಿನ ಬೆಂಕಿಗೆ ಅರಣ್ಯ ರಕ್ಷಕರೊಬ್ಬರು ಬಲಿಯಾಗಿದ್ದರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ ಮತ್ತೊಬ್ಬರು. ಅದು ದೂರದ ಊರಲ್ಲ, ತೋಟಗಳ ಸೀಮೆ.

ಬಿದಿರಿಗೆ ಬಿದಿರು ತಿಕ್ಕಿ ಕಿಡಿ ಹಾರುತ್ತದೆಂದು ಹೇಳುವುದು ನಮಗೆಲ್ಲ ರೂಢಿ. ನಮ್ಮ ಕಾಡಿನ ಬೆಂಕಿಯೆಲ್ಲ ಬಹುಮಟ್ಟಿಗೆ ಮನುಷ್ಯರು ಹಚ್ಚಿದ್ದೇ. ಬೀಡಿಯ ತುಂಡು, ಎಳೆಹುಲ್ಲು ಚಿಗುರಲೆಂದು ಗುಡ್ಡಕ್ಕೆ ಕೊಟ್ಟ ಬೆಂಕಿ, ಬೇಲಿಯಂಚಿನಲ್ಲಿ ಗುಡ್ಡೆ ಹಾಕಿ ಸುಟ್ಟ ಕಸ. ಇದರಲ್ಲಿ ಬೆಳೆಗಾರರ ಪಾಲೂ ಇದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಹಾಗೆಂದು ಬೆಂಕಿಯೆಲ್ಲ ಕೆಟ್ಟದ್ದೂ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ತಂಪು ಇರುವಾಗ, ಒಣ ಎಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದಕ್ಕೆ 'ತರಗುಬೆಂಕಿ' ಎಂದೇ ಹೆಸರು. ಎಲೆ ಸುಡುತ್ತಿತ್ತು, ಮರ ಉಳಿಯುತ್ತಿತ್ತು. 1974ರಲ್ಲಿ ಅದು ಅಭಯಾರಣ್ಯವಾಯಿತು; ತರಗುಬೆಂಕಿ ನಿಂತುಹೋಯಿತು. ಲಂಟಾನ ಆಳೆತ್ತರ ಬೆಳೆದದ್ದು ಆಮೇಲೆ ಎನ್ನುತ್ತಾರೆ ಸೋಲಿಗರ ಹಿರಿಯರು. ಆಸ್ಟ್ರೇಲಿಯಾದಲ್ಲಿ 2019-20ರ ಕಾಳ್ಗಿಚ್ಚಿಗೆ 33 ಜನ ಸತ್ತು, 3,000ಕ್ಕೂ ಹೆಚ್ಚು ಮನೆಗಳು ಸುಟ್ಟ ಮೇಲೆ, ಅಲ್ಲಿನ ಮೂಲನಿವಾಸಿಗಳ ಇಂಥದೇ ತಂಪು ಬೆಂಕಿಯ ಮಾತು ಮತ್ತೆ ಕೇಳಿಬಂತು. ನಾವು ಮಾತ್ರ ಕಾಡಿಗೆ ಕಡ್ಡಿ ಗೀರುವಂತಿಲ್ಲ. ಕಾನೂನಿನಲ್ಲಿ ಅದು ಅಪರಾಧ. ಅನುಭವವೂ ನಮಗಿಲ್ಲ.

ನಮ್ಮ ಕೈಯಲ್ಲಿರುವುದು ಬೇಲಿಯಂಚು. ಅರಾಬಿಕಾ ಕುಯ್ಲು ಮುಗಿದು ರೊಬಸ್ಟಾ ಬಲಿಯುವ ನಡುವೆ ನಾಲ್ಕು ಆಳು ಬಿಡುವಾದರೆ, ಕಾಡಿನ ಕಡೆಯ ಗಡಿಯುದ್ದಕ್ಕೂ ಹುಲ್ಲು ಹೆರೆದು, ಸಿಲ್ವರ್ ಮರದ ತರಗು ಗುಡಿಸಿ, ಬರಿ ಮಣ್ಣು ಕಾಣುವಂತೆ ಬೆಂಕಿ ರೇಖೆ ಮಾಡಿಸಿರಿ. ಗುಡಿಸಿದ ತರಗನ್ನು ಸುಡದೆ ಗೊಬ್ಬರದ ಗುಂಡಿಗೆ ಹಾಕಿರಿ. ನೆರೆಯವರೂ ಅದೇ ವಾರ ಮಾಡಿಸಿದರೆ ರೇಖೆ ಕೂಡಿಕೊಳ್ಳುತ್ತದೆ. ಒಬ್ಬರ ತೋಟದಲ್ಲಿ ತುಂಡಾದರೆ ಬೆಂಕಿಗೆ ಅಷ್ಟೇ ದಾರಿ ಸಾಕು. ಬೋರ್ಡೋ ಹೊಡೆಯುವ ಪಂಪನ್ನು ತೊಳೆದು ನೀರು ತುಂಬಿಡಿರಿ. ವಲಯ ಅರಣ್ಯ ಕಚೇರಿಯ ದೂರವಾಣಿ ಸಂಖ್ಯೆಯನ್ನು ಕಣದ ಗೋಡೆಯ ಮೇಲೆ ಬರೆಸಿರಿ. ಬೆಂಕಿ ಏರು ಹತ್ತುವಾಗ ಓಡುತ್ತದೆ, ಆದ್ದರಿಂದ ಗುಡ್ಡದ ಮೇಲ್ಬದಿಯಲ್ಲಿ ನಿಂತು ಎದುರಿಸಲು ಯಾರನ್ನೂ ಕಳಿಸಬಾರದು.

ಬೆಂದ ಕಾಫಿ ಗಿಡವನ್ನು ಬುಡದ ಮೇಲೆ ಕತ್ತರಿಸಿದರೆ ಚಿಗುರೀತು. ಅಡಿಕೆ ಮರಕ್ಕೆ ಇರುವುದು ಒಂದೇ ಸುಳಿ. ಎರಡು ಹದ ಹೂಮಳೆ ಬಿದ್ದ ಮೇಲೆ ಕಾವಲು ಬಿಡಬಹುದು.