ಒಂದು ಕಿಲೋ ಗಾಳಿ

45 ಅಶ್ವಶಕ್ತಿಯ ಟ್ರ್ಯಾಕ್ಟರ್ ಸುಮಾರು ಎರಡು ಟನ್ ತೂಗುತ್ತದೆ. ಅಷ್ಟೂ ಭಾರವನ್ನು ಹೊತ್ತು ಓಡಾಡುವ ಗಾಳಿ ಎಷ್ಟಿರಬಹುದು? 13.6-28 ಅಳತೆಯ ಹಿಂದಿನ ಟೈರಿನೊಳಗೆ 200 ಲೀಟರಿನಷ್ಟು ಜಾಗವಿದೆ. 12 ಪಿಎಸ್‌ಐ ಗಾಳಿ ಹೊಡೆದಾಗ ಒಳಗೆ ಸೇರುವ ಗಾಳಿಯ ತೂಕ ನಾನೂರು ಗ್ರಾಂ ಚಿಲ್ಲರೆ. ಮುಂದಿನ ಸಣ್ಣ ಟೈರುಗಳದ್ದು ತಲಾ ನೂರು ಗ್ರಾಂ ಚಿಲ್ಲರೆ. ನಾಲ್ಕನ್ನೂ ಕೂಡಿಸಿದರೆ ಒಂದು ಕಿಲೋ ಆಸುಪಾಸು!

ಟೈರು ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಹಿಂದಿನ ಒಂದೊಂದು ಚಕ್ರದ ಮೇಲೂ 650 ಕಿಲೋ ಭಾರವಿದೆ ಅನ್ನಿ. 12 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ 840 ಗ್ರಾಂ. ಲೆಕ್ಕ ಹಾಕಿದರೆ ಆ ಚಕ್ರ ನೆಲಕ್ಕೆ ತಾಗುವ ಜಾಗ 770 ಚದರ ಸೆಂಟಿಮೀಟರ್, ಒಂದು ಎ4 ಹಾಳೆಗಿಂತ ಸ್ವಲ್ಪ ದೊಡ್ಡದು. ಗಾಳಿಯನ್ನು 24ಕ್ಕೆ ಏರಿಸಿದರೆ ಆ ಜಾಗ ಅರ್ಧಕ್ಕಿಳಿಯುತ್ತದೆ, ಭಾರ ಮಾತ್ರ ಗುಲಗಂಜಿಯಷ್ಟೂ ಇಳಿಯುವುದಿಲ್ಲ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇನ್ನೊಂದು ಲೆಕ್ಕ. ನಾನೂರು ಕಿಲೋದ ಎತ್ತು ಸುಮ್ಮನೆ ನಿಂತರೂ ಅದರ ಗೊರಸು ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು ಒತ್ತುತ್ತದೆ. ನಡೆಯುವಾಗ ಇನ್ನೂ ಹೆಚ್ಚು. ಸರಿಯಾಗಿ ಗಾಳಿ ಹೊಡೆದ ಟ್ರ್ಯಾಕ್ಟರ್ ಚಕ್ರ ಎತ್ತಿನ ಕಾಲಿಗಿಂತ ಹಗುರ! ಆದರೆ ಎತ್ತು ಅಲ್ಲೊಂದು ಇಲ್ಲೊಂದು ಹೆಜ್ಜೆ ಇಡುತ್ತದೆ, ಚಕ್ರ ಬಿಡುವಿಲ್ಲದೆ ಪಟ್ಟೆ ಎಳೆಯುತ್ತದೆ. ಭಾರ ಹೆಚ್ಚಾದಷ್ಟೂ ಅದುಮು ಆಳಕ್ಕಿಳಿಯುತ್ತದೆ. ಎರಡು ಮೀಟರ್ ಅಗಲದ ಕಲ್ಟಿವೇಟರ್ ಕಟ್ಟಿ ಒಂದು ಎಕರೆ ಹೊಡೆಯಲು ಎರಡು ಕಿಲೋಮೀಟರ್ ಓಡಬೇಕು. ಒಂದೊಂದು ಹಿಂದಿನ ಟೈರಿನ ಅಗಲ 34 ಸೆಂಟಿಮೀಟರ್. ಹಾಗಾಗಿ ಒಂದು ಸಲ ಹೊಡೆಯುವಷ್ಟರಲ್ಲೇ ಹೊಲದ ಮೂರನೇ ಒಂದು ಭಾಗ ಚಕ್ರದಡಿ ಹಾದಿರುತ್ತದೆ.

ಆ ನೆಲದೊಳಗೆ ಏನಿದೆ? ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ಗಾತ್ರ ಆರು ಲಕ್ಷ ಲೀಟರ್. ಹದವಾದ ಮಣ್ಣಿನಲ್ಲಿ ಅದರ ಅರ್ಧದಷ್ಟು ಬರೀ ಸಂದು, ಅಂದರೆ ಮೂರು ಲಕ್ಷ ಲೀಟರ್. ಮಳೆ ನೀರು ಇಂಗುವುದು, ಬೇರು ಉಸಿರಾಡುವುದು, ಎರೆಹುಳು ಓಡಾಡುವುದು ಅಲ್ಲೇ. ತೇವವಿರುವ ಎರೆ ಭೂಮಿಯಲ್ಲಿ ಗಟ್ಟಿ ಟೈರು ಓಡಿದರೆ ಮೊದಲು ಮುಚ್ಚುವುದು ದೊಡ್ಡ ಸಂದುಗಳೇ. ಚಕ್ರ ಹೋದ ಸಾಲಿನಲ್ಲಿ ಟೈರಿನ ಹಲ್ಲುಗಳ ಅಚ್ಚು ನುಣ್ಣಗೆ ಹೊಳೆಯುತ್ತಿದ್ದರೆ ಅಲ್ಲಿ ನೀರು ನಿಲ್ಲುತ್ತದೆ ಎಂದೇ ತಿಳಿಯಿರಿ.

ಮಂಡ್ಯ, ಬೆಳಗಾವಿ ಕಡೆ ಕಬ್ಬಿನ ಹಂಗಾಮಿನಲ್ಲಿ ಟ್ರೇಲರ್ ಎಳೆಯಲು ಗಾಳಿ ಹೆಚ್ಚಿಸುವುದು ಸರಿಯೇ. ಡಾಂಬರು ರಸ್ತೆಯಲ್ಲಿ ಭಾರ ಹೊತ್ತ ಮೆತ್ತನೆಯ ಟೈರು ಬಿಸಿಯಾಗಿ ಪಕ್ಕದಲ್ಲಿ ಬಿರಿಯುತ್ತದೆ. ಅದೇ ಗಾಳಿಯಲ್ಲಿ ಮರುದಿನ ಹೊಲಕ್ಕಿಳಿಯುವುದು ತಪ್ಪು. ಗಾಳಿ ತೀರ ಕಡಿಮೆಯಾದರೂ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತುಬರುತ್ತದೆ. ಲಾರಿ ಟೈರಿಗೆ ನೂರರ ಮೇಲೆ ಹೊಡೆಯುವ ಪಂಕ್ಚರ್ ಅಂಗಡಿಯ ಗೇಜಿನಲ್ಲಿ 12ಕ್ಕೂ 16ಕ್ಕೂ ಕೂದಲೆಳೆ ಅಂತರ, ಅದನ್ನು ನೆಚ್ಚಬೇಡಿ.

ಕಡಿಮೆ ಒತ್ತಡ ತೋರಿಸುವ ಸಣ್ಣ ಗೇಜ್ ಒಂದನ್ನು ಸ್ವಂತಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ಅಳೆಯಿರಿ. ಬಿಸಿಲಿಗೆ ಹತ್ತು ಡಿಗ್ರಿ ಏರಿದರೂ ಸುಮಾರು ಒಂದು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಟೈರಿಗೆ ನೀರು ತುಂಬಿಸಿದ್ದರೆ ವಾಲ್ವ್ ಮೇಲ್ಗಡೆ ಬರುವಂತೆ ಚಕ್ರ ತಿರುಗಿಸಿಕೊಳ್ಳಿ. ಹೊಲಕ್ಕೆ ಎಷ್ಟು, ರಸ್ತೆಗೆ ಎಷ್ಟು ಎಂದು ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಬೇರೆಬೇರೆಯಾಗಿ ಬರೆದಿರುತ್ತದೆ. ಮುಂಗಾರಿನ ಮೊದಲ ಉಳುಮೆಗೆ ಮುಂಚೆ ಆ ಪುಟ ತೆರೆದು ನೋಡಿ.