ಪೇಟೆಂಟ್ ಎಂಬ ಇಪ್ಪತ್ತು ವರ್ಷದ ಠೇವಣಿ

ಕಳೆದ ದೀಪಾವಳಿಗೆ ಗಂಗಾವತಿಯ ನಮ್ಮ ಮನೆಯಲ್ಲಿ ಚಕ್ಕಲಿ ಮಾಡುವ ಗಡಿಬಿಡಿ. ಹಿಟ್ಟು ತುಂಬಿದ ಒರಳನ್ನು ಒತ್ತುವ ಕೆಲಸ ನನ್ನದು. ಏಳನೇ ತರಗತಿಯ ಮೊಮ್ಮಗಳು ಪಕ್ಕದಲ್ಲಿ ಕುಳಿತಿದ್ದಳು. ಸುಮ್ಮನೆ ಕೂಡುವ ಜಾಯಮಾನ ಅವಳದಲ್ಲ.

“ಅಜ್ಜಾ, ಪೇಟೆಂಟ್ ಅಂದ್ರ ಏನು? ಸಾಲ್ಯಾಗ ವಿಜ್ಞಾನ ಪ್ರದರ್ಶನ ಐತಿ. ಮನುಷ್ಯಾನ ಮೈಗೆ ಉಪಯೋಗ ಆಗೋ ಮೂರು ಹೊಸ ಸಾಧನದ ಬಗ್ಗೆ ಹೇಳ್ಬೇಕು.”

ನಾನು ಬಿ.ಕಾಂ. ಓದಿದವನು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದು ನಿವೃತ್ತನಾದವನು. ವಿಜ್ಞಾನಕ್ಕೂ ನನಗೂ ಎಸ್ಸೆಸ್ಸೆಲ್ಸಿಗೇ ಲೆಕ್ಕ ಚುಕ್ತಾ. ಆದರೆ ಠೇವಣಿಯ ವ್ಯವಹಾರ ಗೊತ್ತು. ಆ ದಾರಿಯಲ್ಲೇ ಹೇಳಿದೆ.

“ನೋಡವಾ, ಪೇಟೆಂಟ್ ಅಂದ್ರ ಒಂದು ಎಫ್‌ಡಿ ಇದ್ದಂಗ. ಹೊಸದೇನಾದ್ರೂ ಕಂಡುಹಿಡಿದವರು ಅದನ್ನ ಹೆಂಗ ಮಾಡೋದು ಅಂತ ಎಲ್ಲಾ ಬಿಡಿಸಿ ಬರೆದು ಸರಕಾರಕ್ಕ ಕೊಡಬೇಕು. ಸರಕಾರ ಪರೀಕ್ಷೆ ಮಾಡಿ, ಅರ್ಜಿ ಹಾಕಿದ ದಿನದಿಂದ 20 ವರ್ಷ ನಿನ್ನ ಒಪ್ಪಿಗಿ ಇಲ್ದ ಬ್ಯಾರೆ ಯಾರೂ ಅದನ್ನ ಮಾಡಿ ಮಾರಂಗಿಲ್ಲ ಅಂತ ಹಕ್ಕು ಕೊಡತೈತಿ. ನಡುವೆ ನವೀಕರಣದ ಶುಲ್ಕ ಕಟ್ಟಲಿಲ್ಲಾ ಅಂದ್ರ ಹಕ್ಕು ಬಿದ್ದು ಹೋಗತೈತಿ. 20 ವರ್ಷ ಮುಗಿದ ಮ್ಯಾಲೆ ಆ ಠೇವಣಿಗೆ ನಾಮಿನಿ ಯಾರು ಹೇಳು?”

“ಅವರ ಮಕ್ಕಳು?”

“ಅಲ್ಲ. ನೀನು, ನಾನು, ಇಡೀ ಜಗತ್ತು!”

ನಮ್ಮ ದೇಶದಲ್ಲಿ ಇದಕ್ಕೆ 1970ರ ಪೇಟೆಂಟ್ ಕಾಯ್ದೆ ಇದೆ. ಕರ್ನಾಟಕದವರ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ. ಅರ್ಜಿ ಹಾಕಿದ 18 ತಿಂಗಳಿಗೆ ಅದರ ವಿವರ ಪ್ರಕಟವಾಗುತ್ತದೆ, ಯಾರು ಬೇಕಾದರೂ ಓದಬಹುದು. ಅಂದರೆ ಪೇಟೆಂಟ್ ಗುಟ್ಟು ಮುಚ್ಚಿಡುವ ಪೆಟ್ಟಿಗೆಯಲ್ಲ, ಗುಟ್ಟು ಬಿಟ್ಟುಕೊಡುವ ಕರಾರು.

ಮೊದಲನೆಯದು: ಚಕ್ಕಲಿ ಒರಳು

ಮೊದಲ ಉದಾಹರಣೆ ನನ್ನ ಕೈಯಲ್ಲೇ ಇತ್ತು. 1988ರಲ್ಲಿ ಅಮೆರಿಕದ ಸ್ಕಾಟ್ ಕ್ರಂಪ್ ಎಂಬ ಎಂಜಿನಿಯರ್ ತನ್ನ ಪುಟ್ಟ ಮಗಳಿಗೆ ಆಟಿಕೆಯ ಕಪ್ಪೆ ಮಾಡಲು ಹೊರಟರು. ಬಿಸಿ ಅಂಟು ಸುರಿಸುವ ಗನ್ನಿನಿಂದ ಪದರದ ಮೇಲೆ ಪದರ ಹಾಕುತ್ತಾ ಕಪ್ಪೆಯ ಆಕಾರ ತಂದರು. ಕೈಯಿಂದ ಮಾಡಿದ್ದನ್ನು ಯಂತ್ರವೇ ಮಾಡಿದರೆ ಹೇಗೆ? 1989ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1992ರಲ್ಲಿ ಸಿಕ್ಕಿತು. ಒಂದು ಬಗೆಯ ತ್ರೀ-ಡಿ ಪ್ರಿಂಟರ್ ಹುಟ್ಟಿದ್ದು ಹೀಗೆ. ಪ್ಲಾಸ್ಟಿಕ್ಕನ್ನು ಕರಗಿಸಿ, ಸಣ್ಣ ತೂತಿನಿಂದ ಎಳೆ ಎಳೆಯಾಗಿ ಬಿಡುತ್ತಾ ಸುತ್ತು ಹಾಕುವುದು. ನಾವು ಚಕ್ಕಲಿ ಒತ್ತುವುದೂ ಹಾಗೆಯೇ ಅಲ್ಲವೇ?

2009ರಲ್ಲಿ ಆ ಪೇಟೆಂಟಿನ ಅವಧಿ ಮುಗಿಯಿತು. ಲಕ್ಷಗಟ್ಟಲೆ ಬೆಲೆಯಿದ್ದ ಯಂತ್ರಗಳ ಜಾಗದಲ್ಲಿ ಅಗ್ಗದ ಪುಟ್ಟ ಯಂತ್ರಗಳು ಬಂದವು. ಇಂದು ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಮಕ್ಕಳು ತ್ರೀ-ಡಿ ಪ್ರಿಂಟರ್ ಮುಟ್ಟಿ ಕಲಿಯುತ್ತಾರೆ.

ಇದರಿಂದ ಮೈಗೇನು ಉಪಯೋಗ? ಒರಳಿಗೆ ಹಿಟ್ಟಿನ ಬದಲು ಜೀವಂತ ಜೀವಕೋಶಗಳನ್ನು ತುಂಬಿದರೆ! ಅಮೆರಿಕದ ಥಾಮಸ್ ಬೋಲಂಡ್ ಎಂಬ ವಿಜ್ಞಾನಿ ಕಚೇರಿಯ ಇಂಕ್‌ಜೆಟ್ ಪ್ರಿಂಟರನ್ನೇ ತಿದ್ದಿ, ಶಾಯಿಯ ಜಾಗದಲ್ಲಿ ಜೀವಕೋಶಗಳನ್ನಿಟ್ಟು ಮುದ್ರಿಸಿದರು. 2006ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ನಮ್ಮ ಬೆಂಗಳೂರಿನ ಪ್ಯಾಂಡೋರಂ ಟೆಕ್ನಾಲಜೀಸ್, ಅಂದರೆ ತುಹಿನ್ ಭೌಮಿಕ್ ಮತ್ತು ಅರುಣ್ ಚಂದ್ರು ಕಟ್ಟಿದ ಕಂಪನಿ, 2015ರ ಡಿಸೆಂಬರಿನಲ್ಲಿ ಮನುಷ್ಯನ ಯಕೃತ್ತಿನ ಅಂಗಾಂಶವನ್ನು ಹೀಗೆ ಮುದ್ರಿಸಿದ್ದಾಗಿ ಪ್ರಕಟಿಸಿತು. ಅದು ಪೂರ್ತಿ ಯಕೃತ್ತಲ್ಲ, ಒಂದು ಚೂರು ಅಷ್ಟೆ. ಆದರೆ ಹೊಸ ಔಷಧ ಯಕೃತ್ತಿಗೆ ಕೆಡುಕು ಮಾಡುತ್ತದೆಯೇ ಎಂದು ರೋಗಿಗೆ ಕೊಡುವ ಮೊದಲೇ ಪರೀಕ್ಷಿಸಲು ಅಂಥ ಚೂರೂ ಸಾಕು.

ಎರಡನೆಯದು: ರಾಶಿ ತೂರುವುದು

ನಮ್ಮದು ಭತ್ತದ ನಾಡು. ಗಾಳಿಗೆ ರಾಶಿ ತೂರಿದರೆ ಗಟ್ಟಿ ಕಾಳು ಬುಡಕ್ಕೆ ಬೀಳುತ್ತದೆ, ಜೊಳ್ಳು ದೂರ ಹಾರುತ್ತದೆ. ರಕ್ತವನ್ನೂ ಹೀಗೆ ಬೇರ್ಪಡಿಸುತ್ತಾರೆ. ಗಾಳಿಯ ಬದಲು ಅಲ್ಲಿ ಗರಗರ ತಿರುಗುವ ಯಂತ್ರ. ಭಾರವಾದ ಕೆಂಪು ಕಣಗಳು ಹೊರಗಿನ ಅಂಚಿಗೆ ಹೋಗುತ್ತವೆ, ಹಗುರಾದ ತಿಳಿಹಳದಿ ಪ್ಲಾಸ್ಮಾ ಇತ್ತ ಉಳಿಯುತ್ತದೆ. ನಡುವಿನ ತೆಳು ಪದರದಲ್ಲಿ ಬಿಳಿ ಕಣಗಳೂ ಪ್ಲೇಟ್‌ಲೆಟ್‌ಗಳೂ ಇರುತ್ತವೆ.

1960ರ ದಶಕದ ಆರಂಭದಲ್ಲಿ ಐಬಿಎಂ ಕಂಪನಿಯ ಎಂಜಿನಿಯರ್ ಜಾರ್ಜ್ ಜಡ್ಸನ್ ಅವರ ಮಗನಿಗೆ ರಕ್ತದ ಕ್ಯಾನ್ಸರ್ ಬಂತು. ಮಗನ ಹಾಸಿಗೆಯ ಪಕ್ಕ ಕೈಕಟ್ಟಿ ಕೂಡದೆ ಆ ತಂದೆ, ಕ್ಯಾನ್ಸರ್ ವೈದ್ಯ ಎಮಿಲ್ ಫ್ರೈರೈಕ್ ಅವರ ಜತೆ ಸೇರಿ ಒಂದು ಯಂತ್ರ ರೂಪಿಸಿದರು. ದಾನಿಯ ರಕ್ತ ಅದರೊಳಗೆ ಹರಿದು, ತಿರುಗಿ, ಬೇಕಾದ ಕಣ ಮಾತ್ರ ಉಳಿದು, ಮಿಕ್ಕಿದ್ದು ಮರಳಿ ದಾನಿಯ ಮೈಗೇ ಸೇರುತ್ತಿತ್ತು.

ಇಂದು ರಕ್ತನಿಧಿಗಳಲ್ಲಿ ಒಬ್ಬ ದಾನಿಯ ಒಂದು ಚೀಲ ರಕ್ತವನ್ನು ಭಾಗ ಮಾಡಿ ಮೂವರಿಗೆ ಕೊಡಬಹುದು. ಕೆಂಪು ಕಣಗಳನ್ನು ಫ್ರಿಜ್ಜಿನಲ್ಲಿ ಸುಮಾರು 35ರಿಂದ 42 ದಿನ ಇಡಬಹುದು. ಪ್ಲೇಟ್‌ಲೆಟ್‌ಗಳ ಆಯಸ್ಸು 5 ದಿನ ಮಾತ್ರ. ಅವುಗಳನ್ನು ಫ್ರಿಜ್ಜಿನ ಹೊರಗೆ, ತೊಟ್ಟಿಲು ತೂಗಿದಂತೆ ಸದಾ ಮೆಲ್ಲಗೆ ತೂಗುತ್ತಾ ಇಡಬೇಕು. ಡೆಂಗಿ ಜ್ವರದಲ್ಲಿ ಮನೆಯವರು ಪ್ಲೇಟ್‌ಲೆಟ್‌ಗಾಗಿ ಊರೂರು ಓಡುವುದು ಏಕೆಂದು ಈಗ ತಿಳಿಯಿತೇ?

ಮೂರನೆಯದು: ಟೋಕನ್ ಕೂಗಿದ ದನಿ

ಇದನ್ನು ಹೇಳುವಾಗ ಚಕ್ಕಲಿ ಒರಳನ್ನು ಕೆಳಗಿಟ್ಟೆ.

ನಮ್ಮ ಶಾಖೆಯಲ್ಲಿ ಒಬ್ಬ ಕ್ಯಾಶಿಯರ್ ಇದ್ದರು. ಆಗ ಹಣ ತೆಗೆಯಲು ಬಂದವರಿಗೆ ಹಿತ್ತಾಳೆ ಟೋಕನ್ ಕೊಡುತ್ತಿದ್ದೆವು. “ಟೋಕನ್ ನಂಬರ್ ನಲವತ್ತೇಳೂ!” ಎಂದು ಅವರು ಕೂಗಿದರೆ ಹೊರಗೆ ಚಹಾ ಕುಡಿಯುತ್ತಿದ್ದ ರೈತನೂ ಎದ್ದು ಓಡಿ ಬರಬೇಕು, ಅಂಥ ಕಂಠ. ಬಾಯಲ್ಲಿ ಸದಾ ತಂಬಾಕು, ಕೈಯಲ್ಲಿ ಬೀಡಿ. ನಿವೃತ್ತಿಯಾದ ಮೇಲೆ, 2002ರಲ್ಲಿ, ಗಂಟಲಿನ ಕ್ಯಾನ್ಸರಿಗಾಗಿ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು.

ಹಾಗೆ ತೆಗೆದ ಮೇಲೆ ಉಸಿರಾಟ ಕತ್ತಿನಲ್ಲಿ ಮಾಡಿದ ತೂತಿನಿಂದ. ಶ್ವಾಸಕೋಶದ ಗಾಳಿ ಬಾಯಿಗೆ ಬಾರದು, ಹಾಗಾಗಿ ಮಾತಿಲ್ಲ. ಇದಕ್ಕೆ 1980ರ ಹೊತ್ತಿಗೇ ಅಮೆರಿಕದ ಮಾರ್ಕ್ ಸಿಂಗರ್ ಮತ್ತು ಎರಿಕ್ ಬ್ಲಾಮ್ ಉಪಾಯ ಕಂಡಿದ್ದರು. ಉಸಿರುನಾಳ ಮತ್ತು ಅನ್ನನಾಳದ ನಡುವೆ ಚಿಕ್ಕ ರಂಧ್ರ ಮಾಡಿ ಒಂದು ಸಿಲಿಕೋನ್ ಕವಾಟ ಕೂಡಿಸುವುದು. ಕತ್ತಿನ ತೂತಿಗೆ ಬೆರಳೊತ್ತಿ ಉಸಿರು ಬಿಟ್ಟರೆ ಗಾಳಿ ಕವಾಟದ ಮೂಲಕ ಅನ್ನನಾಳಕ್ಕೆ ನುಗ್ಗುತ್ತದೆ. ಅಲ್ಲಿನ ಗೋಡೆ ಅದುರಿ ದನಿಯಾಗುತ್ತದೆ. ಆದರೆ ತಿಂದ ಅನ್ನ, ಕುಡಿದ ನೀರು ಈ ಕಡೆ ಬರುವುದಿಲ್ಲ. ಹಳೇ ಸೈಕಲ್ಲಿನ ವಾಲ್ ಟ್ಯೂಬ್ ಗಾಳಿಯನ್ನು ಒಳಗೆ ಬಿಟ್ಟು ಹೊರಗೆ ಬಿಡುವುದಿಲ್ಲವಲ್ಲ, ಹಾಗೆ. ಸಿಲಿಕೋನ್ ಮೆತ್ತಗಿನ ವಸ್ತು, ಮೈಗೆ ಒಗ್ಗುತ್ತದೆ. ಆದರೂ ಅದರ ಮೇಲೆ ಸೂಕ್ಷ್ಮ ಶಿಲೀಂಧ್ರ ಬೆಳೆಯುವುದರಿಂದ ಆಗಾಗ ಬದಲಿಸಬೇಕು.

ಪರದೇಶದ ಆ ಕವಾಟದ ಬೆಲೆ ಕೇಳಿ ನಮ್ಮ ಕ್ಯಾಶಿಯರ್ ನಕ್ಕು, ವಿತ್‌ಡ್ರಾವಲ್ ಸ್ಲಿಪ್ಪಿನ ಹಿಂದೆ ಬರೆದರು: “ಮಗಳ ಮದುವೆ ಮೊದಲು.” ಅಂದಿನಿಂದ ಅವರ ಮಾತೆಲ್ಲ ಸ್ಲಿಪ್ಪುಗಳ ಹಿಂಬದಿಯಲ್ಲೇ. ಮದುವೆಯಾಯಿತು. ಅಳಿಯನನ್ನು “ಬಾರಪ್ಪಾ” ಎಂದು ಕರೆಯಲೂ ಅವರಿಂದಾಗಲಿಲ್ಲ. 2011ರಲ್ಲಿ ತೀರಿಕೊಂಡರು.

ನಾಲ್ಕು ವರ್ಷದ ಬಳಿಕ ಪತ್ರಿಕೆಯಲ್ಲಿ ಓದಿದೆ. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಮತ್ತು ಅವರ ಉದ್ಯಮಿ ಗೆಳೆಯ ಶಶಾಂಕ್ ಮಹೇಶ್ ಸೇರಿ ‘ಓಂ’ ಎಂಬ ಹೆಸರಿನ ಧ್ವನಿ ಕವಾಟ ರೂಪಿಸಿದ್ದರು. ಬಡ ರೋಗಿಗಳಿಗಾಗಿ ಪ್ರತಿ ಸಲ ದಾನ ಕೇಳುವ ಬದಲು ನಾವೇ ಏಕೆ ಮಾಡಬಾರದು ಎಂಬ ಮಾತಿನಿಂದ ಹುಟ್ಟಿದ ಕೆಲಸ ಅದು. ಪರದೇಶದ್ದು 15ರಿಂದ 30 ಸಾವಿರ ರೂಪಾಯಿ ಇದ್ದರೆ ಇದರ ವೆಚ್ಚ ಸುಮಾರು 50 ರೂಪಾಯಿ! ಪತ್ರಿಕೆ ಮಡಚಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಮೊಮ್ಮಗಳು ಲೆಕ್ಕದಲ್ಲಿ ಚುರುಕು. “ಅಜ್ಜಾ, 1980ಕ್ಕ 20 ಕೂಡಿಸಿದ್ರ 2000. ಎಫ್‌ಡಿ ಮುಗಿದಿತ್ತಲ್ಲ? ಮತ್ತ ಆ ಅಜ್ಜಗ ಯಾಕ ಸಿಗಲಿಲ್ಲ?”

ಈ ಪ್ರಶ್ನೆಗೆ ಉತ್ತರವೂ ನನಗೆ ಬ್ಯಾಂಕಿನಲ್ಲೇ ಸಿಕ್ಕಿತು. ಅವಧಿ ಮುಗಿದರೂ ಯಾರೂ ಬಂದು ಕೇಳದ ಠೇವಣಿಗಳು ಪ್ರತಿ ಶಾಖೆಯಲ್ಲೂ ಇರುತ್ತವೆ. ಹಣ ಇದೆ, ಹಕ್ಕುದಾರರೂ ಇದ್ದಾರೆ, ಕೌಂಟರಿಗೆ ಬರುವವರಿಲ್ಲ. ಮೂಲ ಉಪಾಯ ಹಳೆಯದಾದರೂ ಅದರ ಮೇಲಿನ ಹೊಸ ಸುಧಾರಣೆಗಳಿಗೆ ಬೇರೆ ಪೇಟೆಂಟ್ ಇರಬಹುದು ನಿಜ. ಆದರೆ ಜ್ಞಾನ ಎಲ್ಲರದಾದ ಮೇಲೂ ನಮ್ಮ ಜನಕ್ಕೆ ಎಟಕುವಂತೆ ಅದನ್ನು ಮಾಡುತ್ತೇನೆ ಎಂದು ಯಾರಾದರೊಬ್ಬರು ಎದ್ದು ಬರಬೇಕು. ನಮ್ಮ ಕ್ಯಾಶಿಯರ್ ಪಾಲಿಗೆ ಅವರು ಬರುವುದು ತಡವಾಯಿತು.

ಪ್ರದರ್ಶನದ ದಿನ ನಾನೂ ಹೋಗಿದ್ದೆ. ಮೇಜಿನ ಮೇಲೆ ನಮ್ಮ ಚಕ್ಕಲಿ ಒರಳು, ಒಂದು ಬೊಗಸೆ ಭತ್ತ, ಸೈಕಲ್ ಅಂಗಡಿಯಿಂದ ತಂದ ವಾಲ್ ಟ್ಯೂಬು. ನೋಡುವವರ ಗದ್ದಲ ಹೆಚ್ಚಾದಾಗ ಅವಳು ಎಲ್ಲರಿಗೂ ರಟ್ಟಿನ ಚೀಟಿ ಹಂಚಿ, ಕುರ್ಚಿ ಹತ್ತಿ ನಿಂತು ಕೂಗಿದಳು: “ಟೋಕನ್ ನಂಬರ್ ಒಂದೂ!”

ಹಿರಿಯರೇ, ನಿಮ್ಮ ಮನೆಯ ಒರಳು, ಮರ, ಸೈಕಲ್ಲು ತೋರಿಸಿ ಮೊಮ್ಮಕ್ಕಳಿಗೆ ಇಂಥ ಕತೆ ಹೇಳಿ. ಮಕ್ಕಳೇ, ನೀವು ಒಂದು ಪ್ರಶ್ನೆ ಕೇಳಿ: ಅವಧಿ ಮುಗಿದು ಕೌಂಟರಿನಲ್ಲಿ ಕಾಯುತ್ತಿರುವ ಠೇವಣಿಗಳಲ್ಲಿ ನಮ್ಮ ಊರಿಗೆ ಬೇಕಾದದ್ದು ಯಾವುದು? ಮತ್ತೆ, ತಂಬಾಕಿನ ಹತ್ತಿರ ಮಾತ್ರ ಹೋಗಬೇಡಿ. ದೇವರು ಕೊಟ್ಟ ದನಿಗೆ ಸಮನಾದ ಕವಾಟ ಇನ್ನೂ ಯಾರೂ ಮಾಡಿಲ್ಲ.