ಡ್ರೋನ್ ಚಿತ್ರ ಏಕೆ ಜಿಗಿಯುತ್ತದೆ?

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನಿಗೂ ಡ್ರೋನ್ ಕ್ಯಾಮೆರಾಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ಸಂಬಂಧ ನಮ್ಮಕ್ಕನಿಂದ ಬಂತು.

ಅಕ್ಕ ಹಾಸಿಗೆ ಹಿಡಿದಿದ್ದಳು. ಮೊಮ್ಮಗಳ ಮದುವೆ ಸಿರುಗುಪ್ಪದ ಕಡೆ ನಡೆಯಿತು, ಅವಳಿಗೆ ಹೋಗಲಾಗಲಿಲ್ಲ. ವೀಡಿಯೋದಲ್ಲಾದರೂ ನೋಡಲಿ ಎಂದು ಡ್ರೋನಿಗೆ ಬೇರೆ ದುಡ್ಡು ಕೊಟ್ಟು ಮೆರವಣಿಗೆ ತೆಗೆಸಿದೆವು. ಟಿವಿಗೆ ಹಾಕಿದರೆ ಎರಡೇ ನಿಮಿಷಕ್ಕೆ ಅಕ್ಕ, "ತಲೆ ತಿರುಗ್ತೈತಿ, ಬಂದ್ ಮಾಡಪ್ಪಾ" ಅಂದಳು. ತೆಂಗಿನ ಮರ, ಮಾಳಿಗೆ, ಮದುಮಗಳ ಕಾರು ಎಲ್ಲವೂ ಜಿಗಿಜಿಗಿದು ಹೋಗುತ್ತಿದ್ದವು. ತೆಲುಗಿನಲ್ಲಿ 'ಕುದುಪು' ಅನ್ನುತ್ತೇವಲ್ಲ, ಅದೇ. ಚಿತ್ರ ಕೆಟ್ಟಿತೆಂದು ಮದುವೆಯನ್ನು ಮತ್ತೊಮ್ಮೆ ಮಾಡಿಸಲಾಗುವುದಿಲ್ಲ.

ತೆಗೆದ ಹುಡುಗ "ಗಾಳಿ ಜಾಸ್ತಿ ಇತ್ತು ಸಾರ್" ಅಂದ. ನಾನೂ ನಂಬಿದ್ದೆ. ಆಮೇಲೆ ಓದಿ, ಕೇಳಿ ತಿಳಿದದ್ದು ಬೇರೆ. ಗಾಳಿಯ ಅಲುಗಾಟವನ್ನು ಕ್ಯಾಮೆರಾ ಕೂತಿರುವ ಗಿಂಬಲ್ ಎಂಬ ತೊಟ್ಟಿಲು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ತಪ್ಪು ಇದ್ದದ್ದು ಷಟರ್‌ನಲ್ಲಿ.

ವೀಡಿಯೋ ಎಂದರೆ ಸೆಕೆಂಡಿಗೆ 25ರಂತೆ ಸಾಲಾಗಿ ಬರುವ ಬಿಡಿ ಚಿತ್ರಗಳು. ಒಂದೊಂದು ಚಿತ್ರಕ್ಕೆ ಎಷ್ಟು ಹೊತ್ತು ಬೆಳಕು ಬಿಡುತ್ತೇವೆ ಎಂಬುದೇ ಷಟರ್ ವೇಗ. ಹಳೆಯ ಸಿನಿಮಾ ಕ್ಯಾಮೆರಾದಲ್ಲಿ ಅರ್ಧಚಂದ್ರದಂತೆ ಕತ್ತರಿಸಿದ ಬಿಲ್ಲೆ ತಿರುಗುತ್ತಿತ್ತು. ಅರ್ಧ ಸುತ್ತು ಬೆಳಕು, ಅರ್ಧ ಸುತ್ತು ಕತ್ತಲು. ಸೆಕೆಂಡಿಗೆ 24 ಚಿತ್ರವಾದರೆ ಒಂದೊಂದಕ್ಕೆ 1/48 ಸೆಕೆಂಡು. ಅಷ್ಟರಲ್ಲಿ ಓಡುವ ಕುದುರೆಯ ಕಾಲು ತುಸು ಮಸುಕಾಗುತ್ತದೆ. ಆ ಮಸುಕೇ ಒಂದು ಚಿತ್ರವನ್ನು ಮುಂದಿನದಕ್ಕೆ ಅಂಟಿಸುವ ಗೋಂದು. ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕೂತು ನೋಡಿದ ನಮ್ಮ ಕಣ್ಣು ಪಳಗಿರುವುದು ಇದಕ್ಕೇ.

ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಕ್ಯಾಮೆರಾವನ್ನು ಆಟೋದಲ್ಲಿ ಬಿಟ್ಟರೆ ಅದು ಬೆಳಕಿಗೆ ಹೆದರಿ 1/3200 ಸೆಕೆಂಡಿಗೇ ಬಾಗಿಲು ಮುಚ್ಚಿಬಿಡುತ್ತದೆ. ಬಿಡಿ ಚಿತ್ರಗಳು ಬಲು ಸ್ಪಷ್ಟ, ಆದರೆ ನಡುವೆ ಗೋಂದಿಲ್ಲ.

ಆದ್ದರಿಂದ ಷಟರನ್ನು ನಾವೇ ಇಡಬೇಕು. ಸೆಕೆಂಡಿಗೆ ಎಷ್ಟು ಚಿತ್ರವೋ ಅದರ ಇಮ್ಮಡಿ: 25ಕ್ಕೆ 1/50, 50ಕ್ಕೆ 1/100. ಬರೀ ಹಾಗೆ ಇಟ್ಟರೆ ಬಿಸಿಲಿಗೆ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ಅದಕ್ಕೆ ಲೆನ್ಸಿನ ಮುಂದೆ ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜು ಹಾಕುತ್ತಾರೆ, ಕ್ಯಾಮೆರಾಕ್ಕೆ ಕೂಲಿಂಗ್ ಗ್ಲಾಸ್ ಅನ್ನಿ. ಎನ್‌ಡಿ 64 ಎಂದರೆ 64ರಲ್ಲಿ ಒಂದು ಪಾಲು ಬೆಳಕು ಒಳಕ್ಕೆ. ಎಫ್ 2.8 ಲೆನ್ಸ್, ಐಎಸ್ಒ 100, ನಡುಮಧ್ಯಾಹ್ನದ ಬಿಸಿಲು ಇದ್ದರೆ ಷಟರ್ ಸುಮಾರು 1/3200 ಬರುತ್ತದೆ. 3200ನ್ನು 64ರಿಂದ ಭಾಗಿಸಿ, 50. ಲೆಡ್ಜರ್ ಟ್ಯಾಲಿ! ಬಿಸಿಲು ಇಳಿದಂತೆ ಎನ್‌ಡಿ 16, ಎನ್‌ಡಿ 8 ಸಾಕು. ಕತ್ತಲಾದ ಮೇಲೆ ಗಾಜೇ ಬೇಡ.

30 ಬಿಟ್ಟು 25 ಏಕೆ ಎಂದರೆ, ನಮ್ಮ ಕರೆಂಟು 50 ಹರ್ಟ್ಸ್. ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಕಾಣದಷ್ಟೇ. 1/50ರಲ್ಲಿ ಸರಿಯಾಗಿ ಎರಡು ಮಿನುಗು ಸಿಗುತ್ತವೆ. 1/60 ಇಟ್ಟರೆ ಪೆಂಡಾಲಿನ ದೀಪದಲ್ಲಿ ಪಟ್ಟೆ ಓಡಾಡಬಹುದು.

ವೈಟ್ ಬ್ಯಾಲೆನ್ಸನ್ನೂ ಆಟೋದಲ್ಲಿ ಬಿಡಬೇಡಿ. ಕಾಲುವೆ ಕೆಳಗಿನ ಬತ್ತದ ಗದ್ದೆಯಿಂದ ಎರೆ ಹೊಲಕ್ಕೆ ಬರುವಷ್ಟರಲ್ಲಿ ಬಣ್ಣ ನಡುವೆಯೇ ಬದಲಾಗುತ್ತದೆ. ಇನ್ನು ತಿರುಗಿಸುವ ವೇಗ. ಚಿತ್ರದ ಈ ಅಂಚಿಗೆ ಬಂದ ಮರ ಆ ಅಂಚು ದಾಟಲು ಏಳು ಸೆಕೆಂಡಾದರೂ ಹಿಡಿಯಲಿ ಎಂಬುದು ಸಿನಿಮಾದವರ ರೂಢಿ. ನಮ್ಮ ಹುಡುಗರಿಗೆ ಅಷ್ಟು ತಾಳ್ಮೆ ಕಲಿಸುವುದೇ ಕಷ್ಟ.

ಅದೇ ಹುಡುಗ ಮುಂದೆ ಗಾಜು ಕೊಂಡ. ದೇವರಗಟ್ಟಿನ ಗುಡ್ಡವನ್ನು ಜನರಿಲ್ಲದ ಒಂದು ಬೆಳಿಗ್ಗೆ ತೆಗೆದು ತಂದು ತೋರಿಸಿದ. ಅಕ್ಕ ಪೂರ್ತಿ ನೋಡಿದಳು. ಮದುವೆಯ ಪೆನ್ ಡ್ರೈವ್ ಮಾತ್ರ ಬೀರುವಿನಲ್ಲೇ ಇದೆ.

ಬನ್ನಿ ಉತ್ಸವದ ರಾತ್ರಿ ಅಲ್ಲಿ ಹಾರಿಸುವ ಆಸೆ ಬೇಡ. ಜನರ ತಲೆಯ ಮೇಲೆ ಯಂತ್ರ ಬಿದ್ದರೆ ಗತಿಯೇನು? ಆ ರಾತ್ರಿ ನಿಗಾ ಇಡಲು ಪೊಲೀಸರೇ ಡ್ರೋನ್ ಹಾರಿಸುತ್ತಾರೆ. 250 ಗ್ರಾಂ ಮೀರಿದ ಡ್ರೋನನ್ನು ದುಡ್ಡಿಗಾಗಿ ಹಾರಿಸುವವರಿಗೆ 2021ರ ಡ್ರೋನ್ ನಿಯಮಗಳಂತೆ ಪೈಲಟ್ ಪ್ರಮಾಣಪತ್ರ ಇರಬೇಕು. ಮದುವೆಗೆ ಮುಂಗಡ ಕೊಡುವ ಮೊದಲು ಅದನ್ನೂ ಕೇಳಿ, ಎನ್‌ಡಿ ಗಾಜು ಇದೆಯೇ ಎಂದೂ ಕೇಳಿ.